ಸೊರೈದಾ ಸೋಲಾರ್‌ನವನನ್ನು ಆರಿಸಿದ್ದು

ನನ್ನ ತಾಯಿಯ ತಂಗಿ ಸೊರೈದಾ, ನಮ್ಮ ಮಾತಿನಲ್ಲಿ ತೀತಿ, ಎಂದರೆ ಚಿಕ್ಕಮ್ಮ, ಮೂವತ್ತೊಂದು ವರ್ಷ ಊರವರ ತಾರಸಿಗಳ ಮೇಲೆ ಮಂಡಿಯೂರಿ ದುಡಿದವಳು. ನಮ್ಮ ದ್ವೀಪದ ನಡುವಿನ ಒರೊಕೊವಿಸ್‌ನ ಈ ಗುಡ್ಡದಲ್ಲಿ ಮನೆಗಳೆಲ್ಲ ಸಿಮೆಂಟಿನವು, ಚಪ್ಪಟೆ ತಾರಸಿಯವು. ಬಿಸಿಲಿಗೆ ಬಿರುಕು ಬಿಡುತ್ತವೆ, ಮಳೆಗೆ ಸೋರುತ್ತವೆ. ತಾರಸಿ ಉಜ್ಜಿ ತೊಳೆದು, ಬಿರುಕು ತುಂಬಿ, ಬಿಳಿಯ ಲೇಪವನ್ನು ರೋಲರ್‌ನಿಂದ ಎರಡು ಸಲ ಬಳಿಯುವುದು ಅವಳ ಕಸುಬು. ಗಂಡ ಎಫ್ರಾಯಿನ್ ಲೇಪದ ಡಬ್ಬಗಳನ್ನು ಹೆಗಲ ಮೇಲಿಟ್ಟು ಏಣಿ ಹತ್ತುತ್ತಿದ್ದ. ಎದುರು ಗುಡ್ಡದಿಂದ ನೋಡಿದರೆ ಅವಳ ತಾರಸಿಗಳು ಒಗೆದು ಒಣಹಾಕಿದ ಬಟ್ಟೆಗಳಂತೆ ಹಸಿರಿನ ಮೇಲೆ ಹರಡಿಕೊಂಡಿರುತ್ತವೆ.

ಎಫ್ರಾಯಿನ್ ಈಗ ಏಣಿ ಹತ್ತುವುದಿಲ್ಲ. ಮದುವೆಗೆ ಮುಂಚೆ ಕಲ್ಲು ಪುಡಿಮಾಡುವ ಕಡೆ ಕೆಲಸಕ್ಕಿದ್ದನಂತೆ; ಆಗ ಎದೆಗಿಳಿದ ಧೂಳು ಅರವತ್ತೆಂಟನೆಯ ವಯಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಹಗಲೂ ರಾತ್ರಿ ಅವನ ಮೂಗಿಗೆ ಕೊಳವೆ, ಕೊಳವೆಯ ಆ ತುದಿಗೆ ಆಮ್ಲಜನಕದ ಯಂತ್ರ, ಯಂತ್ರಕ್ಕೆ ಕರೆಂಟು. ಕರೆಂಟು ಹೋದರೆ ಮೂಲೆಯಲ್ಲಿ ಒಂದು ಸಿಲಿಂಡರ್ ಇದೆ, ಐದು ಗಂಟೆಗೆ ಸಾಕಾಗುತ್ತದೆ. ನಮ್ಮಲ್ಲಿ ಕರೆಂಟು ಯಾರನ್ನೂ ಕೇಳಿ ಹೋಗುವುದಿಲ್ಲ. ಮರಿಯಾ ಚಂಡಮಾರುತದ ವರ್ಷ ಹೋದದ್ದು ನಮ್ಮ ಓಣಿಗೆ ಮತ್ತೆ ಬಂದಿದ್ದು ಏಳು ತಿಂಗಳ ಮೇಲೆ.

ಹೋದ ಫೆಬ್ರವರಿಯಲ್ಲಿ ಸಂಬಂಧಿಕರೊಬ್ಬರು ತೀರಿಕೊಂಡು, ಒಂಬತ್ತು ದಿನದ ಪ್ರಾರ್ಥನೆಗೆಂದು ತೀತಿ ಪೋನ್ಸೆಗೆ ಹೋಗಿದ್ದಳು. ಆಗ ಒಂದು ಸೋಲಾರ್ ಕಂಪನಿಯ ನೀಲಿ ಅಂಗಿಯ ಹುಡುಗರು ಬಂದು ಎಫ್ರಾಯಿನ್‌ನನ್ನು ತುಂಬ ಗೌರವದಿಂದ ಮಾತನಾಡಿಸಿದರು. ಅವರು ಹಿಡಿದಿದ್ದ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬೆರಳಾಡಿಸಿ ಅವನು ಸಹಿ ಮಾಡಿದ. ತೀತಿ ಮರಳಿ ಬಂದಾಗ ಮನೆಯ ಮೇಲೆ ಹದಿನೆಂಟು ಸೋಲಾರ್ ಫಲಕಗಳಿದ್ದವು, ಅವಳೇ ಬಳಿದ ಲೇಪದಲ್ಲಿ ನಲವತ್ತನಾಲ್ಕು ತೂತುಗಳಿದ್ದವು. ಒಂದಕ್ಕೂ ನೀರು ತಡೆಯುವ ಅಂಟನ್ನು ಸರಿಯಾಗಿ ಮೆತ್ತಿರಲಿಲ್ಲ.

ಎರಡು ದಿನ ಅವಳು ಗಂಡನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಆ ಬೆರಳನ್ನು ಕತ್ತರಿಸಿ ಡಬ್ಬಿಯಲ್ಲಿಡುವುದಾಗಿ ಹೇಳಿದಳು. ಎಫ್ರಾಯಿನ್ ಉಸಿರು ಕೂಡಿಸಿಕೊಂಡು, "ಬಲಗೈದು ಕಣೇ. ನೋಡಿ ಕತ್ತರಿಸು," ಎಂದ.

ಮಾರ್ಚಿನ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಫಲಕಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು, ಕೆಳಗೆ ಯಂತ್ರ ಮೂಕವಾಗಿ ನಿಂತಿತ್ತು. ಎಲ್ಲೋ ತಂತಿ ಕಳಚಿರಬೇಕೆಂದು ತೀತಿ ಬರಿಗಾಲಲ್ಲಿ ತಾರಸಿಗೆ ಓಡಿದಳು, ಅಂಗಾಲು ಸುಟ್ಟುಕೊಂಡು ಇಳಿದಳು. ಕಂಪನಿಗೆ ಫೋನು ಮಾಡಿದಾಗ ಒಬ್ಬ ಹುಡುಗಿ ಮೆಲ್ಲಗೆ ವಿವರಿಸಿದಳು: ಬೀದಿಯ ಕರೆಂಟು ಹೋದರೆ ಫಲಕಗಳೂ ತಾವಾಗಿಯೇ ನಿಲ್ಲುತ್ತವೆ, ಬ್ಯಾಟರಿ ಇದ್ದರೆ ಮಾತ್ರ ಮನೆಗೆ ಬೆಳಕು, ನೀವು ಬ್ಯಾಟರಿ ಕೊಂಡಿಲ್ಲ, ಇದೆಲ್ಲ ಇಪ್ಪತ್ತೇಳನೆಯ ಪುಟದಲ್ಲಿ ಬರೆದಿದೆ.

ತೀತಿ ಆವತ್ತು ಕೂಗಲಿಲ್ಲ. ಸಿಲಿಂಡರಿನ ಮುಂದೆ ಕುರ್ಚಿ ಹಾಕಿಕೊಂಡು ಅದರ ಮೀಟರಿನ ಮುಳ್ಳನ್ನೇ ನೋಡುತ್ತ ಕೂತಳು. ಕರೆಂಟು ಬಂದಾಗ ಮುಳ್ಳು ಕೆಂಪು ಗೆರೆಯೊಳಗಿತ್ತು. ಅವಳ ಕೋಪ ಅಲ್ಲಿಂದ ಬೇರೆಯಾಯಿತು. ಅದಕ್ಕೆ ಮುಂಚೆ ಉಕ್ಕಿ ಇಳಿಯುತ್ತಿತ್ತು. ಈಗ ಒಲೆಯಲ್ಲಿ ಉಳಿದ ಕೆಂಡದ ಹಾಗೆ, ಸದ್ದಿಲ್ಲದೆ, ಸದಾ ಇರುತ್ತಿತ್ತು. ಎರಡು ವಾರದಲ್ಲಿ ಆ ಕಂಪನಿಯಲ್ಲಿ ಫೋನು ಎತ್ತುವವರೂ ಇಲ್ಲವಾದರು.

ಜೂನ್ ತಿಂಗಳಿಗೆ ಚಂಡಮಾರುತಗಳ ಕಾಲ ಶುರು. ಅಷ್ಟರೊಳಗೆ ಬ್ಯಾಟರಿ ಕೂರಿಸುವ ಒಬ್ಬ ನಂಬಿಕಸ್ಥ ಮನುಷ್ಯ ಸಿಗಬೇಕಿತ್ತು. ಈ ಸಲ ತಪ್ಪಾದರೆ ಅದನ್ನು ತಿದ್ದಲು ಎಫ್ರಾಯಿನ್ ಇರುತ್ತಾನೋ ಇಲ್ಲವೋ.

ಮೊದಲು ಬಂದವನು ಊರವನೇ ಆದ ಓಸ್ವಾಲ್ಡೊ. ನಗುಮುಖದವನು, ಕೈಯಲ್ಲಿ ಬಿಸಿ ಬ್ರೆಡ್ಡು ಹಿಡಿದೇ ಬಂದ. ಎಲ್ಲರಿಗಿಂತ ಕಡಿಮೆಗೆ ಮಾಡಿಕೊಡುತ್ತೇನೆ ಎಂದ. ತೀತಿ ಅವನ ಮಾತು ಮುಗಿಯುವವರೆಗೆ ಕೈಕಟ್ಟಿ ನಿಂತಿದ್ದಳು. ಅವನು ಫಲಕ ಕೂರಿಸಿದ ಐದು ಮನೆಗಳ ಸೋರಿಕೆಯನ್ನು ಅವಳೇ ನಿಲ್ಲಿಸಿದ್ದಳು.

"ನಿನ್ನ ತೂತು ಮುಚ್ಚಿ ಮುಚ್ಚಿ ನನ್ನ ಮಂಡಿ ಸವೆದೋಯ್ತು ಮಗಾ," ಎಂದಳು. "ಬ್ರೆಡ್ಡು ಇಟ್ಟೋಗು. ನೀನೂ ಹೋಗು."

ಎರಡನೆಯವನು ಸಾನ್ ಹುವಾನ್‌ನ ದೊಡ್ಡ ಕಂಪನಿಯವನು. ಇಸ್ತ್ರಿ ಮಾಡಿದ ಅಂಗಿ, ಬಣ್ಣದ ಪುಸ್ತಕ. ಇಪ್ಪತ್ತೈದು ವರ್ಷದ ಭರವಸೆ ಎಂದು ಎರಡೆರಡು ಸಲ ಹೇಳಿದ. ತೀತಿ ಕೇಳಿದ್ದು ಒಂದೇ: ಕೆಟ್ಟರೆ ಯಾರು ಬರುತ್ತಾರೆ?

"ನಮ್ಮ ತಂಡ ಬರುತ್ತೆ, ದೋನ್ಯಾ," ಎಂದ, ಹಿರಿಯ ಹೆಂಗಸಿಗೆ ಸಲ್ಲುವ ಗೌರವದಿಂದ.

"ತಂಡಕ್ಕೆ ಹೆಸರಿಲ್ವಾ?"

ಅವನು ಒಂದು ನಂಬರು ಬರೆದುಕೊಡಲು ಹೋದ. ತೀತಿ ಕಾಗದವನ್ನು ಮುಟ್ಟಲಿಲ್ಲ. "ನಂಬರು ನನ್ ಹತ್ರ ಒಂದಿದೆ. ಹೊಡೆದರೆ ಹಾಡು ಬರುತ್ತೆ. ನಂಗೆ ಹೆಸರು ಹೇಳು. ಗಾಳಿ ಮಳೆ ಬಂದ ದಿನ ನಾನು ಯಾರನ್ನ ಬೈಬೇಕು?"

ಅವನು ಬಣ್ಣದ ಪುಸ್ತಕ ಮಡಚಿದ. ಒಳಗಿನಿಂದ ಎಫ್ರಾಯಿನ್, ನನ್ನನ್ನೇ ಬೈಯುತ್ತಾಳೆ, ಇನ್ಯಾರು, ಎಂದು ಗೊಣಗಿದ್ದು ನಮಗೆಲ್ಲ ಕೇಳಿಸಿತು.

ಮೂರನೆಯವನು ಪಕ್ಕದ ವಿಯಾಲ್ಬಾದ ಎಲಿಯೇಸರ್. ಬುಧವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಎಂಟಾಯಿತು, ಹತ್ತಾಯಿತು. ಫೋನು ತಾಗಲಿಲ್ಲ. ಹನ್ನೊಂದಕ್ಕೆ ತೀತಿ ಚಪ್ಪಲಿ ಮೆಟ್ಟಿಕೊಂಡು, ಎಫ್ರಾಯಿನ್ ಜೊತೆ ಕೂರಲು ಪಕ್ಕದ ಮನೆಯವಳನ್ನು ಕರೆದು, ಕಾರಿನ ಬೀಗದ ಕೈಯನ್ನು ನನ್ನತ್ತ ಎಸೆದಳು. ಮುಖಕ್ಕೆ ಮುಖ ಕೊಟ್ಟು ನಾಲ್ಕು ಮಾತು ಹೇಳದಿದ್ದರೆ ಅವಳಿಗೆ ಆವತ್ತು ಅನ್ನ ಇಳಿಯುತ್ತಿರಲಿಲ್ಲ.

ಅವನ ಮನೆಗೆ ಹೋದೆವು. ಹೆಂಡತಿ ಇನ್ನೊಂದು ಗುಡ್ಡದತ್ತ ಕೈ ತೋರಿಸಿದಳು: ದೋನ್ ಇಪೊಲಿತೊ ಎಂಬ ನಿವೃತ್ತ ಮೇಷ್ಟರ ಮನೆ, ಬೆಳಗಿನ ಆರರಿಂದ ಅಲ್ಲೇ ಇದ್ದಾನೆ, ಅಲ್ಲಿ ಫೋನು ಸಿಗುವುದಿಲ್ಲ. ಇಕ್ಕಟ್ಟಿನ ತಿರುವುಗಳಲ್ಲಿ ಹತ್ತಿಹೋದೆವು. ಕಾರು ನಿಲ್ಲಿಸುವ ಜಾಗದಲ್ಲಿ, ಗೋಡೆಗೆ ಕೂರಿಸಿದ ಬ್ಯಾಟರಿಯ ಮುಚ್ಚಳ ತೆಗೆದು, ಒಬ್ಬ ಮನುಷ್ಯ ನೆಲದ ಮೇಲೆ ಕೂತಿದ್ದ. ಮೇಷ್ಟರು ಪಕ್ಕದಲ್ಲಿ ಕಾಫಿ ಬಟ್ಟಲು ಹಿಡಿದಿದ್ದರು.

ತೀತಿ ಗೇಟಿನಿಂದಲೇ ಶುರುಮಾಡಿದಳು. "ಎಂಟು ಗಂಟೆ ಅಂದಿದ್ದೆ. ನಿನ್ನ ಗಡಿಯಾರ ಯಾವ ದೇಶದ್ದು?"

ಎಲಿಯೇಸರ್ ತಲೆ ಎತ್ತಿ ನೋಡಿದ, ಏಳಲಿಲ್ಲ. "ತಪ್ಪಾಯ್ತು ದೋನ್ಯಾ. ನಿನ್ನೆ ಸಂಜೆಯಿಂದ ಇವರ ಮನೇಲಿ ಕತ್ತಲೆ. ಇದನ್ನ ಮುಗಿಸ್ದೆ ನಿಮ್ಮನೆಗೆ ಬರೋಕಾಗಲ್ಲ."

"ಹೇಳಿ ಕಳಿಸ್ಬೇಕಿತ್ತು."

"ಕಳಿಸ್ಬೇಕಿತ್ತು," ಎಂದು ಒಪ್ಪಿಕೊಂಡು, ಅವನು ಮತ್ತೆ ತಂತಿಗಳತ್ತ ಬಗ್ಗಿದ.

ಬೈಯಲು ಬಂದವಳಿಗೆ ಇದು ಇನ್ನೂ ರೇಗುವಂತಾಯಿತು. ಅವಳು ಮೇಷ್ಟರ ಕಡೆ ತಿರುಗಿ, ಇದನ್ನು ಕೂರಿಸಿ ಎಷ್ಟು ಕಾಲವಾಯಿತು ಎಂದು ಕೇಳಿದಳು. ಆರು ವರ್ಷ. ಇವನೇ ಕೂರಿಸಿದ್ದೋ? ಇವನೇ. ಕರೆದರೆ ಬರುತ್ತಾನೋ?

"ಕರೆದ್ರೆ ಬರ್ತಾನಮ್ಮ. ಬೈದ್ರೆ ಸ್ವಲ್ಪ ಬೇಗ ಬರ್ತಾನೆ," ಎಂದರು ಮೇಷ್ಟರು.

ತೀತಿ ಏಣಿ ಕೇಳಿದಳು. ಅರವತ್ತಮೂರರ ಹೆಂಗಸು, ಹೂವಿನ ಲಂಗ ಎತ್ತಿ ಕಟ್ಟಿ, ಗುರುತಿಲ್ಲದವರ ತಾರಸಿ ಹತ್ತಿದಳು. ನಾನೂ ಹಿಂದೆ ಹೋದೆ. ಫಲಕಗಳ ಒಂದೊಂದು ಕಾಲಿನ ಬುಡದಲ್ಲೂ ಹೆಬ್ಬೆರಳು ಒತ್ತಿ, ಉಗುರಿನಿಂದ ಕೆರೆದು, ಮೂಗು ಹತ್ತಿರ ತಂದು ನೋಡಿದಳು. ಅರ್ಧ ಗಂಟೆ ಹಿಡಿಯಿತು. ಎಲ್ಲಿಯೂ ಬಿರುಕಿಲ್ಲ, ಪಾಚಿಯಿಲ್ಲ, ನೀರಿನ ಕಲೆಯಿಲ್ಲ. ಕೆಲಸ ಒಳ್ಳೆಯದಾಗಿತ್ತು, ಅದೂ ಅವಳಿಗೆ ಸಿಟ್ಟೇ ತರಿಸಿತು. ಕೆಳಗಿಳಿದು, ನಾಳೆ ಬಾ ಎಂದಳು. ನಾಳೆ ಆಗುವುದಿಲ್ಲ, ಶುಕ್ರವಾರ ಎಂದ. ಶುಕ್ರವಾರ ಎಂಟಕ್ಕೆ ಎಂದಳು. ಹತ್ತಕ್ಕೆ ಎಂದ.

ಇಳಿಜಾರಿನ ಉದ್ದಕ್ಕೂ ಅವಳು ಅವನನ್ನು, ಅವನ ಅಪ್ಪನನ್ನು, ಅವನಿಗೆ ಜ್ಞಾನಸ್ನಾನ ಮಾಡಿಸಿದ ಪಾದ್ರಿಯನ್ನು ಸೇರಿಸಿ ಬೈದಳು. ಸೇತುವೆ ದಾಟಿದ ಮೇಲೆ ಕಾರಿನ ಕಿಟಕಿ ಇಳಿಸಿದಳು.

"ಅವನೇ ಮಾಡ್ಲಿ," ಎಂದಳು.

ನಾನು ತಿರುಗಿ ನೋಡಿದೆ.

"ರಸ್ತೆ ನೋಡ್ಕೊಂಡು ಓಡಿಸು. ದುಡ್ಡು ಕೊಟ್ಟು ಆರು ವರ್ಷ ಆದವರ ಮನೇಲಿ ಕೂತಿದ್ದ. ದುಡ್ಡು ಕೊಡೋ ನಾನು ಗೇಟಲ್ಲಿ ನಿಂತು ಕೂಗಿದ್ರೂ ಏಳ್ಲಿಲ್ಲ. ನಂಗೂ ಆರು ವರ್ಷ ಆಗುತ್ತೆ ಒಂದಿನ."

ಎಲಿಯೇಸರ್ ಶುಕ್ರವಾರ ಹತ್ತೂವರೆಗೆ ಬಂದ. ಆ ಅರ್ಧ ಗಂಟೆಗೂ ಬೈಸಿಕೊಂಡ. ನಾಲ್ಕು ದಿನ ಕೆಲಸ ನಡೆಯಿತು. ಅವನು ಫಲಕಗಳನ್ನು ಎತ್ತಿ ಕೊಡುವುದು, ತೀತಿ ಹಳೆಯ ತೂತುಗಳನ್ನು ತುಂಬಿ ಬಳಿಯುವುದು. ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು. ಬ್ಯಾಟರಿ ಗೋಡೆಗೆ ಕೂತ ಮೇಲೆ, ಸೂರ್ಯನೇ ಇಲ್ಲದಿದ್ದರೂ ಯಂತ್ರ, ಫ್ರಿಜ್ಜು, ಒಂದು ಫ್ಯಾನು ಇಪ್ಪತ್ತನಾಲ್ಕು ಗಂಟೆ ಓಡುತ್ತವೆ ಎಂದು ಅವನು ಹೇಳಿದ.

ತೀತಿ ಅದನ್ನು ಕೇಳಿ ಒಪ್ಪಿಕೊಳ್ಳುವವಳಲ್ಲ. ಮಾರನೆಯ ದಿನ ಸರಿಯಾಗಿ ಹನ್ನೆರಡಕ್ಕೆ, ಸಿಲಿಂಡರ್ ತುಂಬಿಸಿ ಪಕ್ಕದಲ್ಲಿಟ್ಟು, ಫಲಕಗಳ ಸ್ವಿಚ್ಚನ್ನೂ ಬೀದಿಯ ಕರೆಂಟಿನ ಮೇನ್ ಸ್ವಿಚ್ಚನ್ನೂ ತನ್ನ ಕೈಯಿಂದಲೇ ಆರಿಸಿದಳು. ಯಂತ್ರ ಒಮ್ಮೆಯೂ ತಡವರಿಸಲಿಲ್ಲ. ಎಫ್ರಾಯಿನ್, ಈಗಲಾದರೂ ಸ್ವಲ್ಪ ನಗು ಎಂದ. ನಾಳೆ ಹನ್ನೆರಡಾಗಲಿ ಎಂದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಟರಿ ನಿಂತುಹೋಯಿತು. ತೀತಿ ಕೊಳವೆಯನ್ನು ಸಿಲಿಂಡರಿಗೆ ಬದಲಿಸಿ, ಫಲಕಗಳ ಸ್ವಿಚ್ಚನ್ನೂ ಮೇನ್ ಸ್ವಿಚ್ಚನ್ನೂ ಹಾಕಿ, ಯಂತ್ರ ಮತ್ತೆ ಗುಂಯ್‌ಗುಡುವುದನ್ನು ಕೇಳಿಸಿಕೊಂಡು, ಆಮೇಲೆ ಫೋನು ಎತ್ತಿಕೊಂಡಳು.

"ಇಪ್ಪತ್ತೊಂದು ಗಂಟೆ. ಮೂರು ಗಂಟೆ ಎಲ್ಲಿ?"

ಫ್ರಿಜ್ಜನ್ನು ತುಂಬ ಸಲ ತೆಗೆದಿರಾ ಎಂದು ಅವನು ವಿಚಾರಿಸಿದ. ಮನೆಯಲ್ಲಿ ಜನ ಇದ್ದಾರೆ, ತೆಗೆಯುತ್ತಾರೆ ಎಂದಳು. ಒಂದು ಗಂಟೆಯೊಳಗೆ ಅವನ ಗಾಡಿ ಬಂದು ನಿಂತಿತು. ಬ್ಯಾಟರಿಯನ್ನು ತಪಾಸಣೆ ಮಾಡಿದ, ಏನೂ ಕೆಟ್ಟಿರಲಿಲ್ಲ. ಬಟ್ಟೆಗೆ ಕೈ ಒರೆಸಿಕೊಂಡು ತೀತಿಯ ಮುಂದೆ ನಿಂತ.

"ಬ್ಯಾಟರಿ ಸರಿಯಾಗಿದೆ ದೋನ್ಯಾ. ನಾನು ಹೇಳಿದ್ದೇ ಹೆಚ್ಚಾಯ್ತು. ಇಪ್ಪತ್ತು ಅಂತ ಇಟ್ಕೊಳ್ಳಿ."

ಜೇಬಿನಿಂದ ಕಪ್ಪು ಪೆನ್ನು ತೆಗೆದು ಬ್ಯಾಟರಿಯ ಮೇಲೆ ದೊಡ್ಡದಾಗಿ ಇಪ್ಪತ್ತು ಎಂದು ಬರೆದ, ಪಕ್ಕದಲ್ಲಿ ತನ್ನ ಹೆಸರನ್ನೂ.

ತೀತಿ ಆ ಬರಹವನ್ನು ನೋಡುತ್ತ ನಿಂತಳು. ಒಳಗೆ ಎಫ್ರಾಯಿನ್ ಕೆಮ್ಮಿದ, ಸುಧಾರಿಸಿಕೊಂಡ. ಅವಳೊಳಗಿನ ಕೆಂಡ ಇನ್ನೂ ಆರಿರಲಿಲ್ಲ.

"ಒಬ್ಬ ಮನುಷ್ಯ ತನ್ನ ಮನೇಲಿ ಕೂತು ಉಸಿರಾಡೋಕೆ," ಎಂದಳು, "ನಾನು ಇಷ್ಟೆಲ್ಲ ಯಾಕೆ ಮಾಡ್ಬೇಕಿತ್ತು, ಹೇಳು."

ಎಲಿಯೇಸರ್ ತನ್ನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಹೊರಡುವ ಮುಂಚೆ ಒಳಗೆ ಹೋಗಿ ಸಿಲಿಂಡರಿನ ಮುಳ್ಳನ್ನೊಮ್ಮೆ ನೋಡಿದ.