ದಾರ ಹೊಡೆದ ಮುಖ

ಅಮೀನಪ್ಪ ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಬೈದು ಕಳಿಸುವುದರಲ್ಲಿದ್ದೆ. ಎರಡು ಸಾವಿರದ ಏಳನೇ ಇಸವಿ, ಒಂದು ಭಾನುವಾರ. ಕುರುಬರಹಳ್ಳಿಯಲ್ಲಿ ನನ್ನದು ಬೋರ್ಡ್ ಬರೆಯುವ ಅಂಗಡಿ. ಪ್ಯಾಂಟಿಗೆಲ್ಲ ಸಿಮೆಂಟ್ ಮೆತ್ತಿಕೊಂಡಿದ್ದ, ಮೂವತ್ತರ ಆಸುಪಾಸಿನ ಒಬ್ಬ ಗಾರೆ ಕೆಲಸದವನು ಬಾಗಿಲಲ್ಲಿ ನಿಂತು ಕೇಳಿದ:

"ಅಣ್ಣಾರ, ಒಂದು ಮಾರಿ ತೆಗಿಯೋದು ಕಲೀಲಿಕ್ಕೆ ಎಷ್ಟು ದಿನ ಬೇಕ್ರಿ?"

"ಮಾರಮ್ಮನ ಚಿತ್ರಾನಾ? ಗುಡಿ ಎಲ್ಲಿ? ಕಮಿಟಿಯವರು ಯಾರು? ಅವರನ್ನ ಕಳಿಸು, ಮಾತಾಡ್ತೀನಿ."

"ಗುಡಿ ಅಲ್ರೀ. ಮಾರಿ. ನಮ್ಮ ತಮ್ಮನ ಮಾರಿ."

ನನ್ನ ಜೊತೆ ಕೆಲಸ ಮಾಡುವ ಪಂಚಾಕ್ಷರಿ ಬ್ರಷ್ ಕೆಳಗಿಟ್ಟು ನಕ್ಕ. "ಅಂಜಿನಣ್ಣ, ಇವನ ತಮ್ಮನೇ ಮಾರಿಯಂತೆ. ಕೋಳಿ ಗೀಳಿ ಕೇಳ್ತಾನೇನೋ ವಿಚಾರಿಸು."

ಆ ಮನುಷ್ಯ ಅಂಗೈಯನ್ನು ತನ್ನ ಮುಖದ ಮೇಲೆ ಇಟ್ಟುಕೊಂಡ. ಬೆರಳುಗಳ ಸಂದಿಯಿಂದ ನಮ್ಮನ್ನು ನೋಡುತ್ತ, "ಇದು ರೀ. ನಮ್ಮ ಲಿಂಗಸೂಗೂರು ಕಡಿ ಇದಕ್ಕ ಮಾರಿ ಅಂತೀವಿ. ತಮ್ಮ ಕಳದು ಇಪ್ಪತ್ತು ದಿನ ಆತ್ರಿ. ಪೊಲೀಸರು ಫೋಟೋ ಕೇಳ್ತಾರ. ಫೋಟೋ ಇಲ್ಲ," ಅಂದ.

ಅಮರೇಶ ಅಂತ ಅವನ ತಮ್ಮ. ಇಪ್ಪತ್ತಮೂರು ವರ್ಷದವನು, ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಣ್ಣನ ಜೊತೆ ಅತ್ತಿಗುಪ್ಪೆಯಲ್ಲಿ ಒಂದು ಕಟ್ಟಡದ ಕೆಲಸಕ್ಕೆ ಇದ್ದ. ಒಂದು ಸಂಜೆ ಇಬ್ಬರೂ ಕೆಂಗೇರಿಯಲ್ಲಿ ಊರಿನವರನ್ನು ನೋಡಲು ಬಸ್ಸು ಹತ್ತಿದ್ದಾರೆ. ನೂಕುನುಗ್ಗಲಿನಲ್ಲಿ ಅಣ್ಣ ಮುಂದೆ, ತಮ್ಮ ಹಿಂದೆ. ಅಣ್ಣ ಇಳಿದು ನೋಡಿದರೆ ತಮ್ಮ ಇಲ್ಲ. ಯಾವ ಸ್ಟಾಪಿನಲ್ಲಿ ಇಳಿದನೋ ಕಂಡಕ್ಟರಿಗೂ ಗೊತ್ತಿಲ್ಲ. ಶಾಲೆಗೆ ಹೋದವನಲ್ಲ, ಓಟಿನ ಚೀಟಿಗೆ ಯಾರೂ ಹೆಸರು ಬರೆಸಿರಲಿಲ್ಲ. ಅಕ್ಕನ ಮದುವೆಯ ಫೋಟೋದಲ್ಲಿ ಇದ್ದಾನಂತೆ, ಮುಂದೆ ನಿಂತವನ ರುಮಾಲು ಅವನ ಮುಖಕ್ಕೆ ಅಡ್ಡ ಬಂದಿದೆ.

ಪಂಚಾಕ್ಷರಿಯ ನಗು ಅಲ್ಲಿಗೇ ನಿಂತಿತು. "ಕೂತ್ಕೊ. ಹೇಗಿದ್ದಾನೆ ಹೇಳು, ನಾನು ಬರೀತೀನಿ," ಅಂದೆ.

ಉದ್ದ ಮುಖವೋ ದುಂಡೋ? ಉದ್ದ. ಮೂಗು? ಮೂಗಿನಂಗ ರೀ. ತುಟಿ ದಪ್ಪವೋ? ದಪ್ಪ ಅಲ್ಲ, ತೆಳ್ಳಗೂ ಅಲ್ಲ. ಮುಖದ ಮೇಲೆ ಗುರುತು ಏನಾದರೂ? ಏನಿಲ್ರೀ. ಹೀಗೆ ನಾಲ್ಕು ಮುಖ ಬರೆದೆ. ನಾಲ್ಕಕ್ಕೂ "ಅಲ್ರೀ" ಅಂದ. ಏನು ಅಲ್ಲ ಅಂದರೆ, "ಅದು ನನಗ ಹೇಳಾಕ ಬರಂಗಿಲ್ರೀ, ಆದ್ರ ಅಲ್ಲ," ಅಂತಾನೆ. ನನಗೆ ತಲೆ ಕೆಟ್ಟಿತು. ಪೆನ್ಸಿಲ್ ಎಸೆದು, "ನಿನ್ನ ತಮ್ಮ ನಿನ್ನ ಕಣ್ಣಲ್ಲಿದ್ದಾನೆ, ನನ್ನ ಕಣ್ಣಲ್ಲಿಲ್ಲ. ಬೇಕಾದ್ರೆ ನೀನೇ ಕಲ್ತು ಬರಕೋ," ಅಂದೆ.

"ಅದಕ್ಕ ಬಂದೀನ್ರಿ," ಅಂದ ಅಮೀನಪ್ಪ.

ಆ ದಿನಗಳಲ್ಲಿ ಭಾನುವಾರ ನಾವು ಕೆಲವರು ಅಂಗಡಿಯ ಹಿಂದಿನ ಶೀಟಿನ ಕೆಳಗೆ ಕೂತು ಚಿತ್ರ ಕಲಿಯುತ್ತಿದ್ದೆವು. ನಲವತ್ತೈದು ವಯಸ್ಸಿಗೆ ಎಂಥ ಕಲಿಕೆ ಅಂತ ಕೇಳಬಹುದು. ಫ್ಲೆಕ್ಸ್ ಬಂದು ಅಕ್ಷರ ಬರೆಯುವವರ ಅನ್ನಕ್ಕೆ ಮಣ್ಣು ಹಾಕಿತ್ತು. ಇಪ್ಪತ್ತೆರಡು ವರ್ಷ ಬಿಡಿಸಿದ ಅಕ್ಷರವನ್ನು ಮಿಷನ್ನು ಅರ್ಧ ಗಂಟೆಯಲ್ಲಿ ಕಾರಿಕೊಳ್ಳುತ್ತದೆ. ಉಳಿದದ್ದು ನರ್ಸರಿ ಶಾಲೆಯ ಗೋಡೆಗಳು ಮತ್ತು ತೀರಿಕೊಂಡವರ ಭಾವಚಿತ್ರಗಳು. ಅದಕ್ಕೆ ಚಿತ್ರ ಬರಬೇಕು. ಐದನೇ ಕ್ಲಾಸು ಓದಿದ ನನಗೆ, ಎಸ್ಸೆಸ್ಸೆಲ್ಸಿ ಫೇಲಾದ ಪಂಚಾಕ್ಷರಿಗೆ ಯಾರು ಕಲಿಸುತ್ತಾರೆ? ಆರ್‌ಪಿಸಿ ಲೇಔಟಿನಲ್ಲಿ ಸೀರೆಗೆ ಬಣ್ಣ ಹಾಕುವ ಪುಟ್ಟಲಕ್ಷ್ಮಿ ಹಿಂದೆ ಎರಡು ವರ್ಷ ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದಳು. ಅವಳು ಕಲಿತದ್ದನ್ನು ನಮಗೆ ಹೇಳಿಕೊಟ್ಟಳು, ಮಿಕ್ಕಿದ್ದನ್ನು ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿದು ಕಲಿತೆವು.

ತಪ್ಪು ಹಿಡಿಯುವುದಕ್ಕೆ ಒಂದು ಕ್ರಮವಿತ್ತು. ಬರೆದ ಹಾಳೆಗಳನ್ನೆಲ್ಲ ಹಗ್ಗಕ್ಕೆ ಕ್ಲಿಪ್ ಹಾಕಿ ನೇತು ಹಾಕುವುದು. ಯಾರ ಚಿತ್ರದ ಸರದಿಯೋ ಅವರು ಖಾಲಿ ಪೇಂಟ್ ಡಬ್ಬದ ಮೇಲೆ ಬಾಯಿ ಮುಚ್ಚಿ ಕೂರಬೇಕು. ಎಲ್ಲರೂ ಹೇಳಿ ಮುಗಿಸುವ ತನಕ ಒಂದು ಮಾತೂ ಆಡಕೂಡದು. ಇದಕ್ಕೆ 'ಬೀಗ' ಅಂತ ಹೆಸರು. ಬೀಗ ಮುರಿದವರು ಎಲ್ಲರಿಗೂ ಟೀ ತರಬೇಕು. ಪಂಚಾಕ್ಷರಿ ಪ್ರತಿ ತಪ್ಪಿಗೂ ವಕೀಲನ ಹಾಗೆ ವಾದ ಮಾಡುತ್ತಾನೆಂದು ಈ ರೂಲ್ಸು ಮಾಡಿದವನು ನಾನೇ.

ಅಮೀನಪ್ಪ ಕಲಿತದ್ದನ್ನು ನೋಡಬೇಕಿತ್ತು. ಮೊದಲ ವಾರ ಬರೀ ಗೆರೆ. ಮಣಿಕಟ್ಟು ಆಡಿಸಬೇಡ, ಭುಜದಿಂದ ಎಳಿ ಅಂದರೆ, ಗೋಡೆಗೆ ಗಾರೆ ಬಳಿಯುವವನಿಗೆ ಅದು ನಮಗಿಂತ ಚೆನ್ನಾಗಿ ಬಂತು. ಆಮೇಲೆ ಸೊನ್ನೆ, ಹಳೇ ಪೇಪರಿನ ಮೇಲೆ ದಿನಕ್ಕೆ ನೂರು. ಆಮೇಲೆ ಬೆಂಕಿಪೊಟ್ಟಣ, ಮೊಟ್ಟೆ, ಕಿಟಕಿ ಪಕ್ಕ ಇಟ್ಟ ಕೊಡದ ಬೆಳಕು ನೆರಳು. ಭಾನುವಾರ ಸಾಲದೆಂದು ದಿನಾ ಕೆಲಸ ಮುಗಿಸಿ ಬಂದು ಬರೆಯುತ್ತಿದ್ದ. ಅದು ಮುಗಿದ ಮೇಲೆ ಬಸ್ ಸ್ಟ್ಯಾಂಡುಗಳಲ್ಲಿ ತಮ್ಮನನ್ನು ಹುಡುಕಲು ಹೋಗುತ್ತಿದ್ದ.

"ಕೊಡ ಸಾಕು, ಮುಖ ಶುರು ಮಾಡ್ಲೇನ್ರಿ?" ಅಂತ ದಿನಾ ಕೇಳುವನು.

"ಮೊಟ್ಟೆ ನೆಟ್ಟಗೆ ಬರದವನಿಗೆ ಮುಖ ಬರುತ್ತೇನೋ? ಮಾಡು ಇನ್ನೊಂದು ವಾರ," ಅಂತ ನಾನು ದಿನಾ ಗದರುವೆ. ಹೊರಗೆ ಅವನ ತಮ್ಮ ಎಲ್ಲಿ ಮಲಗುತ್ತಿದ್ದನೋ, ಏನು ತಿನ್ನುತ್ತಿದ್ದನೋ. ನಾನು ಮೊಟ್ಟೆ ಬರೆಸುತ್ತಿದ್ದೆ.

ಹತ್ತನೇ ಭಾನುವಾರ ಅವನು ಮುಖ ಬರೆದು ಹಗ್ಗಕ್ಕೆ ಹಾಕಿದ.

ಹಾಳೆಯಿಂದ ಯಾರೋ ನಮ್ಮನ್ನು ನೋಡುತ್ತಿದ್ದ. ಆದರೆ ತಪ್ಪು ಹಿಡಿಯುವುದೇ ಅಭ್ಯಾಸವಾಗಿದ್ದವರು ನಾವು.

"ಎಡಗಣ್ಣು ಕೆಳಕ್ಕೆ ಜಾರಿದೆ ಗುರು," ಅಂದ ಪಂಚಾಕ್ಷರಿ. "ಬೇರೆ ಬಾಡಿಗೆ ಮನೆ ನೋಡ್ಕೊಂಡು ಹೊರಟ ಹಾಗಿದೆ."

"ಬಾಯೂ ಒಂದು ಕಡೆಗೆ ಎಳೆದಿದೆ ಅಲ್ವಾ?" ಅಂದಳು ಪುಟ್ಟಲಕ್ಷ್ಮಿ. "ಕಲಿಯೋ ಎಲ್ಲರಿಗೂ ಹೀಗೇ ಆಗುತ್ತೆ. ಒಂದು ಕಣ್ಣು ಬರೆದಾದ ಮೇಲೆ ಕೈ ಇಳಿದುಬಿಡುತ್ತೆ."

ನಾನು ಎದ್ದೆ. ಬೋರ್ಡ್ ಬರೆಯುವವರು ಮೊದಲು ಮಾಡುವ ಕೆಲಸ ದಾರ ಹೊಡೆಯುವುದು. ನೀಲಿ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಬಿಗಿಯಾಗಿ ಹಿಡಿದು, ನಡುವೆ ಮೀಟಿ ಬಿಟ್ಟರೆ ಗೆರೆ ಬೀಳುತ್ತದೆ. ಅಕ್ಷರಗಳೆಲ್ಲ ಅದರ ಮೇಲೆ ಕೂರಬೇಕು. ಹಾಳೆಯನ್ನು ಹಲಗೆಗೆ ಒತ್ತಿ, ಬಲಗಣ್ಣಿನ ಮೇಲೆ ಹಾಯುವಂತೆ ಮುಖದ ಅಡ್ಡಕ್ಕೆ ದಾರ ಹೊಡೆದೆ. ಎಡಗಣ್ಣು ಗೆರೆಯಿಂದ ಅರ್ಧ ಬೆರಳು ಕೆಳಗೆ ಬಿದ್ದಿತ್ತು.

"ನೋಡು! ಎಷ್ಟು ಸಲ ಹೇಳಿದೀನಿ? ಕಣ್ಣೆರಡೂ ಒಂದೇ ಗೆರೆ ಮೇಲೆ ಇರ್ಬೇಕು ಅಂತ!"

ಅಮೀನಪ್ಪ ಡಬ್ಬದಿಂದ ಅರ್ಧ ಎದ್ದ. "ಅಣ್ಣಾರ, ಅವ..."

"ಬೀಗ!" ಅಂತ ಕೂಗಿದೆ. ಅವನು ಕೂತ.

ಎಲ್ಲರೂ ಮುಗಿಸಿದ ಮೇಲೆ, "ಈಗ ಹೇಳಪ್ಪಾ, ಏನೋ ಹೇಳ್ತಿದ್ದೆಯಲ್ಲ," ಅಂದೆ. ಅವನು ಹಾಳೆಯ ಮೇಲಿನ ನೀಲಿ ಗೆರೆಯನ್ನೇ ನೋಡುತ್ತಿದ್ದ. ಹದಿನೈದು ವರ್ಷ ರಸಮಟ್ಟದ ಗುಳ್ಳೆ ನೋಡಿ ಗೋಡೆ ಕಟ್ಟಿದವನು. ಮಟ್ಟ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ, ಮಟ್ಟದ ಮಾತು ಕೇಳಬೇಕೆಂದು ಮೇಸ್ತ್ರಿಗಳಿಂದ ಬೈಸಿಕೊಂಡು ಬೆಳೆದವನು.

"ನೀವು ಹೇಳೋದು ಖರೆ ಇರಬೇಕ್ರಿ," ಅಂದ. "ನನ್ನ ಕೈ ಜಾರಿರಬೇಕು."

ಅಲ್ಲೇ ಕೂತು ಅಳಿಸಿದ. ಕಣ್ಣನ್ನು ಗೆರೆಗೆ ಏರಿಸಿದ, ಬಾಯನ್ನು ನೆಟ್ಟಗೆ ಮಾಡಿದ. ಸಂಜೆ ಹೊತ್ತಿಗೆ ಮುಖ ಕಡೆದಿಟ್ಟ ಹಾಗೆ ಆಗಿತ್ತು. ನಾವು ಚಪ್ಪಾಳೆ ಹೊಡೆದೆವು. ಅವನು ಬಹಳ ಹೊತ್ತು ನೋಡಿ, "ಚಂದ ಆಗ್ಯಾನ," ಅಂದ. ಅದನ್ನು ನಾನು ಹೊಗಳಿಕೆ ಅಂದುಕೊಂಡೆ.

ಮಾರನೇ ದಿನವೇ 'ಕಾಣೆಯಾಗಿದ್ದಾನೆ' ಪೋಸ್ಟರು ಮುದ್ರಿಸಿ ವಿಜಯನಗರದಿಂದ ಕೆಂಗೇರಿ ತನಕ ಅಂಟಿಸಿದೆವು. ಮೂಗ ಅಂತಲೂ, ನನ್ನ ಅಂಗಡಿಯ ಫೋನ್ ನಂಬರನ್ನೂ ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ. ಪೊಲೀಸರಿಗೂ ಒಂದು ಪ್ರತಿ ಕೊಟ್ಟೆವು. ಎರಡು ಕರೆ ಬಂದವು. ಹೋಗಿ ನೋಡಿದರೆ ಒಬ್ಬ ಬಟ್ಟೆ ಅಂಗಡಿಯ ಸೇಲ್ಸ್‌ಮನ್ನು, ಚೆನ್ನಾಗಿ ಮಾತಾಡುತ್ತಿದ್ದ, ನಮ್ಮನ್ನು ಚೆನ್ನಾಗಿ ಬೈದ. ಇನ್ನೊಬ್ಬನೂ ಅವನಲ್ಲ. ಆಮೇಲೆ ಫೋನು ಸುಮ್ಮನಾಯಿತು. ಮಳೆಗೆ ಪೋಸ್ಟರು ಹರಿದರೆ ಅಮೀನಪ್ಪ ಹೊಸದು ಅಂಟಿಸುತ್ತಿದ್ದ. ಹೀಗೇ ನಾಲ್ಕು ತಿಂಗಳು ಕಳೆಯಿತು.

ಆಮೇಲೆ ಅವನಿಗೆ ಕೆಂಗೇರಿಯಲ್ಲಿ ಒಂದು ಮನೆಯ ಗಾರೆ ಕೆಲಸ ಸಿಕ್ಕಿತು. ಮಧ್ಯಾಹ್ನ ಮುದ್ದೆ ಗಾಡಿಯಲ್ಲಿ ಊಟ. ಗಾಡಿ ಇಂದ್ರಮ್ಮ ಅನ್ನುವವಳದು. ಪಕ್ಕದ ಕಂಬದ ಮೇಲೆ ನಮ್ಮದೇ ಪೋಸ್ಟರು. ಮೊದಲ ದಿನವೇ ಅವನು ಅದನ್ನು ತೋರಿಸಿ ಕೇಳಿದ. ನಡೆದದ್ದನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ.

"ನನಗೆ ಓದೋಕೆ ಬರಲ್ಲಪ್ಪ," ಅಂದಳಂತೆ ಇಂದ್ರಮ್ಮ. "ಚಿತ್ರ ದಿನಾ ನೋಡ್ತೀನಿ. ಯಾವನೋ ಸಿನಿಮಾಕ್ಕೆ ಸೇರೋ ಹುಡುಗ ಅಂದ್ಕೊಂಡಿದ್ದೆ. ಕಳೆದುಹೋಗಿದ್ದಾನಾ?"

"ನನ್ನ ತಮ್ಮ ರೀ. ಮಾತು ಬರಂಗಿಲ್ಲ, ಕಿವಿ ಕೇಳಂಗಿಲ್ಲ."

"ಮೂಗಾನಾ? ನನ್ನ ಹತ್ರಾನೂ ಒಬ್ಬ ಮೂಗ ಇದ್ದ, ಎರಡು ತಿಂಗಳು. ತಟ್ಟೆ ತೊಳ್ಕೊಡ್ತಿದ್ದ. ಒಳ್ಳೇವನು, ಪಾಪ. ಈ ಚಿತ್ರದ ಕೆಳಗೇ ಕೂತು ಉಣ್ತಿದ್ದ. ಆದ್ರೆ ಇವನಲ್ಲ ಬಿಡು. ಅವನ ಕಣ್ಣು..." ಅಂದವಳೇ ಎರಡು ಬೆರಳು ಎತ್ತಿ, ಒಂದನ್ನು ಮೇಲೆ, ಒಂದನ್ನು ಕೊಂಚ ಕೆಳಗೆ ಹಿಡಿದಳಂತೆ.

ಆಗ ಅವನೆಲ್ಲಿ ಅಂತ ಅಮೀನಪ್ಪ ಕೇಳಿದ. ಮೈಸೂರು ರಸ್ತೆ ದಾಟುವಾಗ ಲಾರಿಯ ಹಾರನ್ ಅವನಿಗೆ ಕೇಳಲಿಲ್ಲ ಅಂದಳು. ತಿಂಗಳ ಮೇಲಾಯಿತು, ಪೊಲೀಸರು ಬಂದು ಎತ್ತಿಕೊಂಡು ಹೋದರು, ನನಗೆ ಅವನ ಹೆಸರೂ ಗೊತ್ತಿರಲಿಲ್ಲ ಅಂದಳು.

ಅಮೀನಪ್ಪ ತಟ್ಟೆ ಅಲ್ಲೇ ಬಿಟ್ಟು ಕೆಂಗೇರಿಯಿಂದ ಕುರುಬರಹಳ್ಳಿಗೆ ನಡೆದೇ ಬಂದ. ಅವನ ಜೊತೆ ನಾನು ಸ್ಟೇಷನ್ನಿಗೆ ಹೋದೆ. ಕಾನ್‌ಸ್ಟೇಬಲ್ಲು ಅನಾಥ ಶವಗಳ ಫೈಲು ತೆಗೆದ. ಒಂದು ಹಾಳೆಗೆ ಎರಡು ಮುಖ ಪಿನ್ ಮಾಡಿತ್ತು. ಒಂದು ಶವದ ಫೋಟೋ, ಪಕ್ಕದಲ್ಲಿ ನಮ್ಮ ಪೋಸ್ಟರು. ಕೆಳಗೆ ಪೆನ್ನಿನಲ್ಲಿ 'ಹೋಲಿಕೆ ಇರುವುದಿಲ್ಲ' ಅಂತ ಬರೆದಿತ್ತು. ಹತ್ತು ದಿನ ಕಾದು ಹೂತಿದ್ದರು.

ನಾನು ಕೂಗಾಡಿದೆ. "ಕಣ್ಣು ಕಾಣಲ್ವೇನ್ರೀ ನಿಮಗೆ? ಪಕ್ಕಪಕ್ಕ ಇಟ್ಕೊಂಡು ಗೊತ್ತಾಗ್ಲಿಲ್ವಾ? ಮೂಗ ಅಂತ ಅಷ್ಟು ದಪ್ಪ ಬರೆದಿದೀನಿ!"

"ಸತ್ತವನು ಮೂಗನೋ ಅಲ್ಲವೋ ನನಗೆ ಹೇಗ್ರೀ ಗೊತ್ತಾಗ್ಬೇಕು?" ಅಂದ ಅವನು, ದನಿ ಏರಿಸದೆ. "ನಾನು ಮುಖ ನೋಡ್ದೆ. ಈ ಚಿತ್ರ ಕೊಟ್ಟೋರು ನೀವೇ ತಾನೇ?"

ಅಮೀನಪ್ಪ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡಿದ್ದ. ಅಮರೇಶನ ಮುಖ ಪೂರಾ ಕಾಣುವ ಫೋಟೋ ಲೋಕದಲ್ಲಿ ಅದೊಂದೇ.

"ನಾನು ಮೊದಲು ತೆಗೆದಂಗನ ಅದಾವ ನೋಡ್ರಿ ಅಣ್ಣಾರ, ಕಣ್ಣು," ಅಂದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಡಬೇಕಾದ ದಿನ ಅವನ ಮಾತನ್ನು ನಾನು ಆಡಗೊಟ್ಟಿರಲಿಲ್ಲ.

ಫೋಟೋದ ಒಂದು ಪ್ರತಿ ಸಿಕ್ಕಿತು. ಭಾನುವಾರ ಅವನು ಬರುವುದಿಲ್ಲ ಅಂದುಕೊಂಡಿದ್ದೆವು, ಬಂದ. "ಊರಾಗ ಅವ್ವ ಕೇಳ್ತಾಳ. ಹೆಣದ ಫೋಟೋ ತೋರಸಾಕ ಆಗಂಗಿಲ್ರೀ. ಕಣ್ಣು ತೆರೆದದ್ದು ಒಂದು ತೆಗೀಬೇಕು," ಅಂತ ಮೂಲೆಯಲ್ಲಿ ಕೂತ. ಫೋಟೋವನ್ನು ಒಂದು ಸಲ ನೋಡಿ ಬೋರಲು ಹಾಕಿದ, ಆಮೇಲೆ ತಿರುಗಿಸಲಿಲ್ಲ. ಮಧ್ಯಾಹ್ನದ ತನಕ ಬರೆದ. ಚಿತ್ರವನ್ನು ಹಗ್ಗಕ್ಕೆ ಹಾಕಲಿಲ್ಲ, ಹಾಕು ಅಂತ ನಾವೂ ಹೇಳಲಿಲ್ಲ. ಪುಟ್ಟಲಕ್ಷ್ಮಿ ಹೊರಗೆ ಹೋಗಿ ನಿಂತಿದ್ದಳು. ಪಂಚಾಕ್ಷರಿ ಒಮ್ಮೆ ಕತ್ತು ಚಾಚಿ ನೋಡಿ, ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯತೊಡಗಿದ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಈಗ ಸರಿಯಾಗಿದೆ ಅಲ್ವೇನೋ?" ಅಂತ ಕೇಳಿದೆ.

ಅಮೀನಪ್ಪ ತಲೆ ಎತ್ತಿದ. "ನೀವು ಅವನ್ನ ನೋಡೇ ಇಲ್ಲಲ್ರೀ ಅಣ್ಣಾರ," ಅಂದ.

ಚಿತ್ರ ಸುತ್ತಿಕೊಂಡು ಹೋದ. ಆ ರಾತ್ರಿಯೇ ಲಿಂಗಸೂಗೂರು ಬಸ್ಸು ಹತ್ತಿದನಂತೆ. ತಿರುಗಿ ಬೆಂಗಳೂರಿಗೆ ಬರಲಿಲ್ಲ. ಅವನ ಕಡೆಯ ಗಾರೆಯವರು ಸಿಕ್ಕಿದಾಗ ಕೇಳುತ್ತೇನೆ. ಊರಲ್ಲೇ ಗೋಡೆ ಕಟ್ಟಿಕೊಂಡಿದ್ದಾನೆ ಅನ್ನುತ್ತಾರೆ. ಚಿತ್ರ ಬರೆಯುತ್ತಾನಾ ಅಂದರೆ, ಅಮೀನಪ್ಪನಾ, ಅವನಿಗೆ ಎಲ್ಲಿಂದ ಬರಬೇಕು ಚಿತ್ರ, ಅಂತ ನಗುತ್ತಾರೆ.