ಜಯದೇವಪ್ಪನವರು ಒಡೆದ ಡಿಸ್ಕು

ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಜಯದೇವಪ್ಪನವರ ಬಳಿ ಸುತ್ತಿನ ಹಳ್ಳಿಯವರಿಗೆ ಎರಡು ಸಲ ಕೆಲಸ ಬೀಳುತ್ತಿತ್ತು. ಮೊದಲ ಸಲ ತಾವೇ ಬಂದು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂರುತ್ತಿದ್ದರು. ಎರಡನೆಯ ಸಲ ಮಗನೋ ಅಳಿಯನೋ ಬಂದು, "ಅಪ್ಪ ಹೋಗ್ಬಿಟ್ರು ಸಾರ್, ಒಂದು ಫೋಟೋ ಬೇಕಿತ್ತು" ಎನ್ನುತ್ತಿದ್ದರು. ಯಾವತ್ತೋ ಪಿಂಚಣಿಗೆಂದು, ಬ್ಯಾಂಕಿಗೆಂದು ತೆಗೆಸಿದ ಚಿಕ್ಕ ಫೋಟೋವನ್ನೇ ಅವರು ಹುಡುಕಿ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡುತ್ತಿದ್ದರು. ಅನೇಕ ಮನೆಗಳಲ್ಲಿ ತೀರಿಕೊಂಡವರದೆಂದು ಇದ್ದ ಮುಖ ಅದೊಂದೇ.

ರೀಲಿನ ಕಾಲದ ನೆಗೆಟಿವ್‌ಗಳು ತೇವ ಹಿಡಿದು ಅಂಟಿಕೊಳ್ಳತೊಡಗಿದಾಗ ಅವರು ಹಟ ಹಿಡಿದು ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿದರು. ಊರಿಗೊಂದು ಫೋಲ್ಡರ್, ಅದರೊಳಗೆ ಮನೆತನಕ್ಕೊಂದು. ಆಮೇಲೆ ಆ ನೆಗೆಟಿವ್‌ಗಳನ್ನೆಲ್ಲ ಸುಟ್ಟರು. ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಬೇಕು ಎಂದುಕೊಂಡದ್ದು ಮಾತ್ರ ಹಾಗೆಯೇ ಉಳಿಯಿತು.

ಬರುಬರುತ್ತಾ ಲ್ಯಾಪ್‌ಟಾಪು ಒಂದು ಫೋಟೋ ತೆರೆಯಬೇಕಾದರೂ ಗಿರಗಿರ ಸದ್ದು ಮಾಡುತ್ತಾ ಒದ್ದಾಡತೊಡಗಿತು. "ಕೋಮಲಾನ ಕಂಪ್ಯೂಟರ್ ಅಂಗಡಿಗೆ ಕೊಡ್ರೀ, ಅವಳು ದಿನಾ ಅದೇ ಕೆಲ್ಸ ಮಾಡೋಳು" ಎಂದು ಹೆಂಡತಿ ಮಲ್ಲಿಕಾಂಬ ಹೇಳಿದರು. ಜಯದೇವಪ್ಪನವರಿಗೆ ಮನಸ್ಸು ಬರಲಿಲ್ಲ. ಹೆಣ್ಣುಮಕ್ಕಳ ಫೋಟೋ ತುಂಬಿದ ಯಂತ್ರವನ್ನು ಬೇರೆಯವರ ಕೈಗೆ ಹೇಗೆ ಕೊಡುವುದು? ಅದಕ್ಕಿಂತ ಹೆಚ್ಚಾಗಿ, ಕ್ಯಾಮೆರಾದಿಂದ ಹಿಡಿದು ಪ್ರಿಂಟರಿನವರೆಗೆ ಎಲ್ಲವನ್ನೂ ತಾನೇ ಕಲಿತವನು ಎಂಬ ಹೆಮ್ಮೆಯೂ ಇತ್ತು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ತರಿಸಿಕೊಂಡು, ಫೋನಿನಲ್ಲಿ ವಿಡಿಯೋ ಹಚ್ಚಿಟ್ಟುಕೊಂಡು, ಲ್ಯಾಪ್‌ಟಾಪಿನ ತಳ ಬಿಚ್ಚಿದರು.

ಫೋಟೋಗಳೆಲ್ಲ ಇದ್ದ ಹಳೆಯ ಡಿಸ್ಕು ತೆಗೆದು ಹೊಸದನ್ನು ಕೂರಿಸಿದರು. ಲ್ಯಾಪ್‌ಟಾಪು ಯಾವ ಪದ್ಧತಿಯಲ್ಲಿ ಶುರುವಾಗಬೇಕೆಂದು ಹೇಳುವ ಬೂಟ್ ಮೋಡ್ ಎಂಬಲ್ಲಿ ಎರಡು ಆಯ್ಕೆ ಇದ್ದವು. ಲೆಗಸಿ ಎಂಬುದು ಹಳೆಯ ಪದ್ಧತಿ, ಯುಇಎಫ್‌ಐ ಹೊಸದು, ಹೊಸದನ್ನೇ ಆರಿಸಿ ಎಂದ ವಿಡಿಯೋದವನ ಮಾತಿನಂತೆ ಬದಲಾಯಿಸಿದರು. ವಿಂಡೋಸ್ ಹಾಕಿದ ಮೇಲೆ ಲ್ಯಾಪ್‌ಟಾಪು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಮಲ್ಲಿಕಾಂಬ ಅವರನ್ನು ಕರೆದು ತೋರಿಸಿದರು.

ಇನ್ನು ಫೋಟೋಗಳು ಬೇಕಲ್ಲ. ಹಳೆಯ ಡಿಸ್ಕನ್ನು ಮತ್ತೆ ಹಾಕಿ, ಅದರಲ್ಲಿದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡರಾಯಿತು ಎಂದು ಹೊಸದನ್ನು ತೆಗೆದರು. ಪರದೆ ಕಪ್ಪಗೇ ಉಳಿಯಿತು. ಬೂಟ್ ಮಾಡಲು ಯಾವ ಡಿಸ್ಕೂ ಇಲ್ಲ ಎಂದು ಒಂದು ಸಾಲು ಬಂತು. ಬಿಚ್ಚಿ ಹಾಕಿದರು, ಊದಿದರು, ವಿಭೂತಿ ಹಚ್ಚಿಕೊಂಡು ಮತ್ತೆ ಹಾಕಿದರು. ಅದೇ ಸಾಲು. ಒಂದು ವರ್ಷದಿಂದ ನರಳುತ್ತಿದ್ದದ್ದು ಬಿಚ್ಚಿದ ಏಟಿಗೆ ಸತ್ತುಹೋಯಿತು ಎಂದು ತಿಳಿದರು. ಎರಡು ದಿನ ಅನ್ನ ಸೇರಲಿಲ್ಲ.

ಕೆಟ್ಟ ಡಿಸ್ಕಿನಿಂದಲೂ ಫೋಟೋ ಎತ್ತಿ ದುರುಪಯೋಗ ಮಾಡುವವರಿದ್ದಾರೆ ಎಂದು ಛಾಯಾಗ್ರಾಹಕರ ಸಂಘದ ಸಭೆಯಲ್ಲಿ ಯಾರೋ ಹೇಳಿದ್ದು ನೆನಪಿತ್ತು. ಮೂರನೆಯ ದಿನ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಡಿಸ್ಕು ಇಟ್ಟು ಸುತ್ತಿಗೆಯಿಂದ ಹೊಡೆದರು. ಒಳಗಿನ ಕನ್ನಡಿಯಂಥ ತಟ್ಟೆ ಚೂರಾಗುವವರೆಗೂ ಹೊಡೆದರು.

ವಾರದ ಮೇಲೆ ಪ್ರಿಂಟರಿನ ಇಂಕಿಗೆಂದು ಕೋಮಲಾಳ ಅಂಗಡಿಗೆ ಹೋದಾಗ ಮಾತಿಗೆ ಮಾತು ಬಂದು ವಿಷಯ ಹೇಳಿದರು.

"ಬೂಟ್ ಮೋಡ್ ಏನ್ ಇಟ್ಟಿದ್ರಿ ಸಾರ್?" ಎಂದು ಕೇಳಿದಳು ಕೋಮಲಾ.

"ಹೊಸದು ಕಣಮ್ಮ. ಯುಇಎಫ್‌ಐ."

"ಹಂಗಾದ್ರೆ ಡಿಸ್ಕ್ ಸತ್ತಿರಲ್ಲ ಬಿಡಿ. ಹಳೇ ವಿಂಡೋಸ್ ಲೆಗಸೀಲಿ ಹಾಕಿರೋದು, ಹೊಸ ಮೋಡಲ್ಲಿ ಏಳಲ್ಲ ಅಷ್ಟೇ. ಮೋಡ್ ವಾಪಸ್ ಬದಲಾಯಿಸಿದ್ರೆ ಆಯ್ತು. ಇಲ್ಲಾಂದ್ರೆ ಕೇಬಲ್ ಹಾಕಿ ಫೋಟೋನೆಲ್ಲ ಬೇರೆ ಕಂಪ್ಯೂಟರಿಗೆ ಇಳಿಸ್ಕಳನ. ತಂದ್ಕೊಡಿ ಸಾರ್."

ಜಯದೇವಪ್ಪನವರು ಇಂಕಿನ ಬಾಟಲಿಯನ್ನು ಕೌಂಟರಿನ ಮೇಲೆಯೇ ಬಿಟ್ಟು ಮನೆಗೆ ಬಂದರು. ಮಲ್ಲಿಕಾಂಬ ಕೇಳಿದ್ದಕ್ಕೆ "ಬದುಕಿತ್ತಂತೆ ಕಣೇ" ಎಂದರು. ಅವರಿಗೆ ಯಾವುದರ ಮಾತೆಂದು ಕೂಡಲೇ ತಿಳಿಯಿತು.

ಶ್ರಾವಣದಲ್ಲಿ ಶಿವನಿ ಹಳ್ಳಿಯ ರೈತ ಕಲ್ಲಪ್ಪ ಬಂದ. ಹೆಂಡತಿ ಹುಲಿಗೆಮ್ಮ ತೀರಿಕೊಂಡಿದ್ದಳು. ವರ್ಷಗಳ ಹಿಂದೆ ಇಲ್ಲಿಯೇ ಫೋಟೋ ತೆಗೆಸಿದ್ದಳು. ಇಲ್ಲ ಎನ್ನಲು ಬಾಯಿ ಬರದೆ ಜಯದೇವಪ್ಪನವರು, "ನೋಡ್ತೀನಿ ಕಲ್ಲಪ್ಪ, ನಾನೇ ಬತ್ತೀನಿ" ಎಂದು ಕಳಿಸಿದರು. ಎರಡು ದಿನ ಬಿಟ್ಟು ಬಸ್ಸು ಹತ್ತಿ ಶಿವನಿಗೆ ಹೋದರು. ಪಡಸಾಲೆಯ ಗೋಡೆಗೆ ಕಲ್ಲಪ್ಪ ಆಗಲೇ ಮೊಳೆ ಹೊಡೆದಿಟ್ಟಿದ್ದ.

ನಡೆದದ್ದನ್ನು ಬಿಡದೆ ಹೇಳಿದರು. ಕಲ್ಲಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ.

"ಫೋನಲ್ಲಿ ಯಾವ್ದೂ ಇಲ್ವಾ?" ಎಂದರು ಜಯದೇವಪ್ಪನವರು.

"ಯಾರಾನಾ ಫೋನ್ ಎತ್ತಿದ್ರೆ ಸೆರಗು ಮುಖಕ್ಕೆ ತಗಳೋಳು. ಆಧಾರ್ ಕಾರ್ಡ್‌ನಾಗೆ ಐತೆ, ಬರೀ ಮಸಿ." ಗೋಡೆಯ ಮೊಳೆ ನೋಡುತ್ತಾ ಕೇಳಿದ: "ನಿಮ್ತಾವ ತೆಗ್ಸಿದ್ಲಲ್ಲ, ಅದ್ರಾಗೆ ಹೆಂಗಿದ್ಲು ಸಾಮಿ?"

ಜಯದೇವಪ್ಪನವರು ಕಣ್ಣು ಮುಚ್ಚಿದರು. ನೀಲಿ ಪರದೆ ಬಂತು, ಸ್ಟೂಲು ಬಂತು, ಗದ್ದ ಸ್ವಲ್ಪ ಕೆಳಗೆ ಎಂದು ತಾವೇ ಹೇಳುವ ದನಿ ಬಂತು. ಮುಖ ಬರಲಿಲ್ಲ. ಇದ್ದಳು ಲಕ್ಷಣವಾಗಿ ಎಂದುಬಿಡಬಹುದಿತ್ತು.

"ನೆನಪಾಗ್ತಿಲ್ಲ ಕಲ್ಲಪ್ಪ."

"ಅಷ್ಟು ಜನದಾಗೆ ಎಲ್ಲಿ ನೆನಪಿರ್ತದೆ ಬಿಡ್ರಿ" ಎಂದು ಅವನು ಎದ್ದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟ.

ಆಮೇಲೆ ಜಯದೇವಪ್ಪನವರು ಭಾನುವಾರ ಕ್ಯಾಮೆರಾ ಹಿಡಿದು ಹಳ್ಳಿಗಳಿಗೆ ಹೋಗತೊಡಗಿದರು. ತಾವು ಹಿಂದೆ ಕೊಟ್ಟ ಫೋಟೋಗಳನ್ನು ಗೋಡೆಯಿಂದ ಇಳಿಸಿ, ಗಾಜಿನ ಮೇಲಿನ ಕುಂಕುಮ ಒರೆಸಿ, ಫೋಟೋದ ಫೋಟೋ ತೆಗೆಯುತ್ತಾರೆ. ಬದುಕಿರುವವರನ್ನು ಜಗಲಿಯ ಮೇಲೆಯೇ ಕೂರಿಸಿ ಹೊಸದಾಗಿ ತೆಗೆಯುತ್ತಾರೆ. ಒಂದು ಪ್ರತಿ ಕೋಮಲಾಳ ಅಂಗಡಿಯಲ್ಲಿ ಇರುತ್ತದೆ. ಹಾಗೆ ಒಂದಷ್ಟು ಮುಖಗಳು ವಾಪಸು ಬಂದಿವೆ. ಶಿವನಿಗೆ ಮಾತ್ರ ಅವರು ಮತ್ತೆ ಹೋಗಿಲ್ಲ. ಬೇರೆ ಊರಿಗೆ ಹೋಗುವಾಗ ಬಸ್ಸು ಅಲ್ಲಿ ನಿಂತರೆ ಇಳಿಯುವವರಿಗೆ ಕಾಲು ಸರಿಸಿ ದಾರಿ ಬಿಟ್ಟು, ಬಸ್ಸು ಹೊರಡುವವರೆಗೆ ತಲೆ ಎತ್ತದೆ ಕೂತಿರುತ್ತಾರೆ.