ಸೈಕೆಮ್ ಮಾರಿದ ಮಂಡಿನೋವಿನ ಕಷಾಯ

ಸೈಕೆಮ್ ಕ್ಲಾತೆನ್ ಪೇಟೆಯ ಅಕ್ಕಿಮಂಡಿಗೆ ಮೊದಲು ಬಂದ ದಿನ ಅಲ್ಲಿನವರಿಗೆ ಇನ್ನೂ ನೆನಪಿದೆ. ಬೆನ್ನಿಗೆ ಬಟ್ಟೆಯಿಂದ ಬಿಗಿದ ಬಿದಿರುಬುಟ್ಟಿ, ಅದರ ತುಂಬ ಜಾಮು ಎಂಬ ನಾಟಿ ಕಷಾಯದ ಸೀಸೆಗಳು.

"ಯು, ಕಷಾಯ ಕಹಿಯೋ, ನೀನು ಕಹಿಯೋ?" ಎಂದು ಮೂಟೆ ಹೊರುವ ಸರ್ದಿ ಕೆಣಕಿದ.

"ಎರಡೂ ಕಹಿನೇ, ಕಾಂಗ್. ಕಷಾಯ ಕುಡಿದ್ರೆ ಬೆನ್ನು ನೆಟ್ಟಗಾಗುತ್ತೆ, ನನ್ನ ಕೆಣಕಿದ್ರೆ ಬಾಗುತ್ತೆ!"

ಅಂದಿನಿಂದ ಅವರು ಒಬ್ಬರನ್ನೊಬ್ಬರು ಯು, ಕಾಂಗ್, ಅಂದರೆ ಅಕ್ಕ, ಅಣ್ಣ ಎಂದೇ ಕರೆದುಕೊಂಡರು. ಅವಳು ಪ್ರತಿ ಗಿರಾಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಲೋಟ ತುಂಬಿ, ಬುಟ್ಟಿಯೊಂದಿಗೇ ಚಿಮ್ಮಿ ಏಳುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೆ ಕುಳಿತೆದ್ದ ಮೇಲೆ ಅವಳ ಮಂಡಿಗಳು ಮಾತು ಕೇಳದಾದವು.

ಸರ್ಕಾರಿ ಚಿಕಿತ್ಸಾಲಯದ ಡಾಕ್ಟರಮ್ಮ, "ಕೀಲು ಸವೆದಿದೆ, ಅಮ್ಮಾ. ಭಾರ ಹೊರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ," ಎಂದು ನೋವಿನ ಮಾತ್ರೆ ಕೊಟ್ಟಳು. ಊಟವಾದ ಮೇಲೆಯೇ ನುಂಗಬೇಕೆಂದು ಎರಡು ಸಲ ಹೇಳಿದಳು. ಹೊರದೆ, ಕೂರದೆ ಮಾಡುವ ಕೆಲಸ ಯಾವುದೆಂದು ಕೇಳಲು ಸೈಕೆಮ್‌ಗೆ ನಾಚಿಕೆಯಾಯಿತು. ಪಕ್ಕದ ಓಣಿಯ ಬ್ಯಾಂಕ್ ಅಧಿಕಾರಿಯ ಹೆಂಡತಿಗೂ ಇದೇ ಕಾಯಿಲೆ. ಆಕೆ ಸೋಲೋ ನಗರದಲ್ಲಿ ಮಂಡಿ ಬದಲಿಸಿಕೊಂಡು ಬಂದು, ಮೂರು ತಿಂಗಳು ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದರು.

ಒಂದು ದಿನ ಸೈಕೆಮ್ ಕುಂಟುವುದನ್ನು ಕಂಡು ಅಕ್ಕಿ ವ್ಯಾಪಾರಿಯೊಬ್ಬ, "ಮಂಡಿನೋವಿಗೆ ಜಾಮು ಮಾರ್ತೀಯ, ನಿನ್ನ ಮದ್ದು ನಿನಗೇ ನಾಟಲ್ವಾ?" ಎಂದ. ಅಕ್ಕಿಮಂಡಿಯೆಲ್ಲ ನಕ್ಕಿತು. ಆ ವಾರ ಅರ್ಧ ಸೀಸೆಗಳು ಹಾಗೆಯೇ ಮನೆಗೆ ಮರಳಿದವು.

ಮುಂದಿನ ವಾರ ಹಿಪ್ಪಲಿ, ಕಾಡುಶುಂಠಿ ಅರೆಯುವಾಗ ಅವಳು ತನ್ನ ಮಾತ್ರೆಗಳನ್ನೂ ಒರಳಿಗೆ ಹಾಕಿದಳು. ಇದೂ ಮದ್ದೇ ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

"ಇವತ್ತಿನದ್ರಲ್ಲಿ ಜೋರಿದೆ, ಯು!" ಎಂದ ಸರ್ದಿ. ಅವನ ಮಂಡಿಗಳೂ ಸವೆದಿದ್ದವು. ಬೆಳಗಾಗುತ್ತಲೇ ಖಾಲಿ ಹೊಟ್ಟೆಗೆ ಎರಡು ಲೋಟ ಕುಡಿದು ಮೂಟೆಗೆ ಹೆಗಲು ಕೊಡುತ್ತಿದ್ದ. ಗಿರಾಕಿಗಳು ಮರಳಿದರು. ಚಿಕಿತ್ಸಾಲಯದ ಮಾತ್ರೆ ಮುಗಿದಾಗ ಅವಳು ಅದನ್ನೇ ಅಂಗಡಿಯಿಂದ ಕೊಂಡುತಂದಳು.

ಐದನೆಯ ತಿಂಗಳು ಸರ್ದಿ ಮೂಟೆಗಳ ಹಿಂದೆ ಕಾಫಿ ಗಸಿಯಂತೆ ಕಪ್ಪಗೆ ವಾಂತಿ ಮಾಡಿಕೊಂಡು ಕುಸಿದ. ಮರುದಿನ ಅವನ ಹೆಂಡತಿ ಪಾರ್ಮಿ ಆಸ್ಪತ್ರೆಯಿಂದ ನೇರ ಸೈಕೆಮ್ ಮನೆಗೆ ಬಂದಳು.

"ಹೊಟ್ಟೇಲಿ ಹುಣ್ಣಂತೆ, ಯು. ನೋವಿನ ಮಾತ್ರೆ ನುಂಗ್ತೀಯಾ ಅಂತ ಡಾಕ್ಟರು ಕೇಳಿದ್ದಕ್ಕೆ, 'ಜಾಮು ಕುಡಿಯೋನಿಗೆ ಮಾತ್ರೆ ಯಾಕೆ' ಅಂತ ಜಂಭ ಬೇರೆ! ಈಗ ನಿನ್ನ ಸೀಸೆ ಬೇಕೇ ಬೇಕು ಅಂತ ಹಠ. ಕದ್ದು ಒಳಗೆ ಒಯ್ತೀನಿ, ಕೊಡು."

ಊಟವಾದ ಮೇಲೆಯೇ ಎಂದು ಡಾಕ್ಟರಮ್ಮ ಹೇಳಿದ್ದು ಸೈಕೆಮ್‌ಗೆ ನೆನಪಾಯಿತು. ಕೊಟ್ಟರೆ ಅವನು ಉಳಿಯುವುದು ಕಷ್ಟ. ನಿಜ ಹೇಳಿದರೆ ಮತ್ತೆ ಅಕ್ಕಿಮಂಡಿಯ ಬೀದಿಯಲ್ಲಿ ಮುಖವೆತ್ತುವಂತಿಲ್ಲ. ಸೈಕೆಮ್ ಬರಿಗೈಯಲ್ಲಿ ಪಾರ್ಮಿಯೊಡನೆ ಹೊರಟಳು. ಮೊದಲು ನರ್ಸಮ್ಮನಿಗೆ ಮಾತ್ರೆಯ ಹೆಸರು ಹೇಳಿದಳು. ಆಮೇಲೆ ಹಾಸಿಗೆಯ ಬಳಿ ನಿಂತು ಸರ್ದಿಗೆ ಎಲ್ಲವನ್ನೂ ಹೇಳಿದಳು. ಪಾರ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸರ್ದಿ ಬಯ್ಯಲಿಲ್ಲ. "ನನ್ನ ಮಂಡೀಲಿ ಇನ್ನೂ ಕಸುವಿದೆ ಅಂತ ಹುಡುಗರ ಮುಂದೆಲ್ಲ ಬೀಗ್ತಿದ್ದೆನಲ್ಲ, ಯು..." ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿಕೊಂಡ. ಬೈದಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವನು ಬದುಕಿ ಬಂದ. ಈಗ ಮೂಟೆ ಹೊರುವುದಿಲ್ಲ. ಅಕ್ಕಿಮಂಡಿಯ ಹೊರಗೆ ನಿಲ್ಲಿಸಿದ ಗಾಡಿಗಳನ್ನು ಕಾಯುತ್ತಾನೆ.

ಸೈಕೆಮ್ ಬೇರೆ ಬೀದಿಯಲ್ಲಿ ಮೇಜು ಹಾಕಿಕೊಂಡು, ನಿಂತೇ, ಬರಿಯ ಅರಿಶಿನ ಹುಣಿಸೆಯ ಪಾನಕ ಮಾರುತ್ತಾಳೆ. ಮಂಡಿನೋವಿಗೆ ಏನಾದರೂ ಕೊಡು ಎಂದು ಯಾರಾದರೂ ಕೇಳಿದರೆ, "ನನ್ನ ಹತ್ರ ಇಲ್ಲ, ಡಾಕ್ಟರಮ್ಮನ ಹತ್ರ ಹೋಗಿ" ಎನ್ನುತ್ತಾಳೆ. ಯಾಕೆ ಎಂದು ಕೇಳಿದವರಿಗೆ ನಡೆದದ್ದನ್ನು ಹೇಳುತ್ತಾಳೆ, ತಲೆ ತಗ್ಗಿಸಿಕೊಂಡೇ.